ಚೀಟಿಯನ್ನು ನಂಬಿ ಕೂರಬೇಡಿ

ಗೂಳೂರಿನ ಮಣ್ಣಿನ ಗಣಪತಿಯನ್ನು ನೋಡಲು ಸುತ್ತಲ ಸೀಮೆಯ ಜನವೆಲ್ಲ ಬರುತ್ತಾರೆ. ಅದೇ ಗೂಳೂರಿನ ಕೂಲಿಕಾರನ ಹೊಟ್ಟೆಯೊಳಗಿನ ಬೇನೆಯನ್ನು ನೋಡುವವರು ಯಾರು?

ದೊಡ್ಡ ಕರುಳಿನ ಕ್ಯಾನ್ಸರನ್ನು ಮೊದಲೇ ಪತ್ತೆಮಾಡಲು ಮಲಪರೀಕ್ಷೆಯೊಂದಿದೆ. ಮಲದಲ್ಲಿ ಕಣ್ಣಿಗೆ ಕಾಣದ ರಕ್ತವಿದ್ದರೆ ಅದು ತೋರಿಸುತ್ತದೆ. ಖರ್ಚು ಕಡಿಮೆ, ನೋವಿಲ್ಲ. ವರ್ಷಕ್ಕೊಮ್ಮೆ ಪರೀಕ್ಷಿಸಿ, ಅನುಮಾನ ಬಂದವರ ಕರುಳನ್ನು ನಳಿಕೆಯಿಂದ ನೋಡಿದರೆ ಈ ರೋಗದ ಸಾವು ಸುಮಾರು ಮೂರನೆಯ ಒಂದು ಪಾಲು ಇಳಿಯುವುದೆಂದು ಅಮೆರಿಕದ ಮಿನ್ನೆಸೋಟದ ಪ್ರಯೋಗ 1993ರಲ್ಲಿ ತೋರಿಸಿತು. ಆದ್ದರಿಂದ ನಾವು ಈ ಪರೀಕ್ಷೆಯ ವಿರೋಧಿಗಳಲ್ಲ. ಅದರ ಮಿತಿಯನ್ನು ಜನರಿಗೆ ತಿಳಿಸದಿರುವುದರ ವಿರೋಧಿಗಳು.

ಪರೀಕ್ಷೆ ಹುಡುಕುವುದು ರಕ್ತವನ್ನು, ಗಡ್ಡೆಯನ್ನಲ್ಲ. ಗಡ್ಡೆ ದಿನವೂ ರಕ್ತ ಸುರಿಸುವುದಿಲ್ಲ. ಸುರಿಸದ ದಿನ ಮಲ ಕೊಟ್ಟವನಿಗೆ ‘ಏನೂ ಇಲ್ಲ’ವೆಂಬ ಚೀಟಿ ಸಿಕ್ಕುತ್ತದೆ. ಸುಮಾರು 10,000 ಜನರನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಒಂದು ಸಲದ ಪರೀಕ್ಷೆ ಕ್ಯಾನ್ಸರ್ ಇದ್ದವರಲ್ಲಿ 100ಕ್ಕೆ 74 ಮಂದಿಯನ್ನು ಹಿಡಿಯಿತು. 26 ಮಂದಿ ತಪ್ಪಿಹೋದರು. ಮುಂದೆ ಕ್ಯಾನ್ಸರಾಗಬಹುದಾದ ದೊಡ್ಡ ಕುರುಗಳಲ್ಲಿ ಹಿಡಿದದ್ದು 100ಕ್ಕೆ 24 ಮಾತ್ರ. ಜೀವಕೋಶದ ಡಿಎನ್‌ಎಯನ್ನೂ ನೋಡುವ ದುಬಾರಿ ಮಲಪರೀಕ್ಷೆ 92 ಮಂದಿಯನ್ನು ಹಿಡಿಯಿತು. ಆದರೆ ಸುಳ್ಳು ಗಾಬರಿಯನ್ನೂ ಹೆಚ್ಚು ಎಬ್ಬಿಸಿತು. ಮೂಲವ್ಯಾಧಿಯ ರಕ್ತವೂ ರಕ್ತವೇ. ‘ರಕ್ತವಿದೆ’ ಎಂದ ಮಾತ್ರಕ್ಕೆ ಕ್ಯಾನ್ಸರಲ್ಲ; ನಳಿಕೆಯ ಪರೀಕ್ಷೆಯಾಗಲೇಬೇಕು.

ಬಡವನು ಎಡವುವುದು ಇಲ್ಲಿಯೇ. ಮೊದಲ ಮೆಟ್ಟಿಲು ಅಗ್ಗ. ಎರಡನೆಯದಕ್ಕೆ ಪಟ್ಟಣದ ದೊಡ್ಡಾಸ್ಪತ್ರೆ, ಬಸ್ಸಿನ ಖರ್ಚು, ಎರಡು ದಿನದ ಕೂಲಿ. ಎರಡನೆಯ ಮೆಟ್ಟಿಲಿಲ್ಲದ ಏಣಿಯನ್ನು ನಿಲ್ಲಿಸಿ ಏರೆನ್ನುವುದು ಎಂಥ ನ್ಯಾಯ?

ಕೇಂದ್ರ ಸರ್ಕಾರದ ತಪಾಸಣಾ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರುಗಳಿವೆ; ಕರುಳಿನದು ಸೇರಿಲ್ಲ. ನಮ್ಮಲ್ಲಿ ಈ ರೋಗ ಪಶ್ಚಿಮ ದೇಶಗಳಷ್ಟಿಲ್ಲ, ನಿಜ. ಬಂದವನಿಗೆ ಆ ಮಾತು ಸಮಾಧಾನವೇ? ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ನಳಿಕೆಯ ಪರೀಕ್ಷೆ ಬಡವರಿಗೆ ಬಿಟ್ಟಿಯಾಗಿ, ತಡವಿಲ್ಲದೆ ಆಗತಕ್ಕದ್ದು. ಚೀಟಿ ಕೊಡುವವರು ಅದರ ಅರ್ಥವನ್ನೂ ಕನ್ನಡದಲ್ಲಿ ಬಿಡಿಸಿ ಹೇಳತಕ್ಕದ್ದು.

ಓದುಗರಿಗೊಂದು ಮಾತು. ಮಲದಲ್ಲಿ ರಕ್ತ ಕಂಡರೆ, ವಾರಗಟ್ಟಲೆ ಮಲವಿಸರ್ಜನೆಯ ರೀತಿ ಬದಲಾದರೆ, ಕಾರಣವಿಲ್ಲದೆ ಮೈ ಇಳಿದರೆ, ರಕ್ತಹೀನತೆ ಬಂದರೆ, ಚೀಟಿ ಏನೇ ಹೇಳಲಿ, ವೈದ್ಯರ ಬಳಿ ಹೋಗಿ. ಮೂಲವ್ಯಾಧಿಯೆಂದು ಪುಡಿ ನುಂಗುತ್ತ, ನಾಚಿಕೆಯಿಂದ ಬಾಯಿ ಮುಚ್ಚಿ ಕೂರಬೇಡಿ. ದುಡಿಯುವವನ ದೇಹವೇ ಅವನ ಆಸ್ತಿ.