ಸೋತದ್ದು ಆಲ್ಬಮ್ಮೋ, ಆ ವರ್ಷವೋ?

2025ರ ಜುಲೈ 5ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ ಬ್ಲ್ಯಾಕ್ ಸಬ್ಬತ್ ತನ್ನ ಕೊನೆಯ ಕಾರ್ಯಕ್ರಮ ಕೊಟ್ಟಿತು. ಹೆವಿ ಮೆಟಲ್ ಸಂಗೀತಕ್ಕೆ ಅಡಿಪಾಯ ಹಾಕಿದ ತಂಡವದು. ಅಂದು ನುಡಿಸಿದ್ದು ನಾಲ್ಕೇ ಹಾಡು. ನಾಲ್ಕೂ 1970ರಲ್ಲಿ ಬಂದವು. ಆ ಸಂಜೆಯಾಗಿ 17 ದಿನಕ್ಕೆ ಗಾಯಕ ಓಜಿ ಆಸ್ಬರ್ನ್ ತೀರಿಕೊಂಡರು.

ಬೀಳ್ಕೊಡುಗೆಯ ದಿನ ಜನ ಮೊದಲ ಪ್ರೀತಿಯ ಹಾಡುಗಳನ್ನೇ ಕೇಳಬಯಸುತ್ತಾರೆ, ಸಹಜ. ಆದರೆ ಐದು ದಶಕಗಳ ತಂಡವೊಂದು ಒಂದೇ ವರ್ಷದ ಹಾಡುಗಳಲ್ಲಿ ಮುಗಿದುಹೋಗುತ್ತದೆಯೇ? ನನ್ನಂಥ ಕಿರಿಯ ಕೇಳುಗರು ಈಗ ಹುಡುಕಿ ಕೇಳುತ್ತಿರುವುದು ಅದೇ ತಂಡದ 1992ರ ಆಲ್ಬಂ ‘ಡೀಹ್ಯೂಮನೈಸರ್’. ಬಂದಾಗ ಅಷ್ಟಾಗಿ ಯಾರೂ ತಲೆಯ ಮೇಲೆ ಹೊತ್ತು ಕುಣಿಯದ ಈ ಆಲ್ಬಮ್ಮನ್ನು ‘ಸಬ್ಬತ್‌ನ ಅತ್ಯುತ್ತಮ ಕೆಲಸಗಳಲ್ಲೊಂದು’ ಎಂದು ಇಂದು ಅನೇಕರು ವಾದಿಸುತ್ತಾರೆ. ಮೂವತ್ತು ವರ್ಷದಲ್ಲಿ ಹಾಡುಗಳಂತೂ ಬದಲಾಗಿಲ್ಲ. ಹಾಗಾದರೆ ಬದಲಾದದ್ದೇನು?

ಸ್ವಲ್ಪ ಹಿನ್ನೆಲೆ ಬೇಕು. ಓಜಿ ತಂಡದಿಂದ ಹೊರಬಿದ್ದ ಮೇಲೆ, 1979ರಲ್ಲಿ ಅಮೆರಿಕದ ಗಾಯಕ ರೋನಿ ಜೇಮ್ಸ್ ಡಿಯೊ ಬಂದರು. ‘ಹೆವನ್ ಆ್ಯಂಡ್ ಹೆಲ್’, ‘ಮಾಬ್ ರೂಲ್ಸ್’ ಎಂಬ ಎರಡು ಗಟ್ಟಿ ಆಲ್ಬಂ ಕೊಟ್ಟು 1982ರಲ್ಲಿ ಮನಸ್ತಾಪದಿಂದ ಹೊರನಡೆದರು. ಹತ್ತು ವರ್ಷದ ನಂತರ ಗಿಟಾರಿನ ಟೋನಿ ಅಯೋಮಿ, ಬೇಸ್‌ನ ಗೀಜರ್ ಬಟ್ಲರ್, ಡ್ರಮ್ಸ್‌ನ ವಿನ್ನಿ ಅಪಿಸ್ ಮತ್ತು ಡಿಯೊ ಮತ್ತೆ ಒಂದಾಗಿ ಮಾಡಿದ್ದೇ ‘ಡೀಹ್ಯೂಮನೈಸರ್’.

ಅದು ಬಂದ ಗಳಿಗೆ ನೋಡಿ. 1992ರ ಜನವರಿಯಲ್ಲಿ ನಿರ್ವಾಣ ತಂಡದ ‘ನೆವರ್‌ಮೈಂಡ್’ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತ್ತು. ಹರಿದ ಸ್ವೆಟರ್ ತೊಟ್ಟ ಗ್ರಂಜ್ ಹುಡುಗರ ಮುಂದೆ ನಲವತ್ತು ದಾಟಿದ ಮೆಟಲ್ ಕಲಾವಿದರು ಹಳೇ ಕಾಲದವರಂತೆ ಕಂಡರು. ಅತ್ತ ಮೆಟಲ್ ಕೇಳುಗರ ಕೈಯಲ್ಲಿ ಮೆಟಾಲಿಕಾದ 1991ರ ಕಪ್ಪು ಹೊದಿಕೆಯ ಆಲ್ಬಂ ಇತ್ತು. ಜೂನ್‌ನಲ್ಲಿ ಬಂದ ‘ಡೀಹ್ಯೂಮನೈಸರ್’ ಬ್ರಿಟನ್ನಿನಲ್ಲಿ 28ನೇ ಸ್ಥಾನಕ್ಕೂ ಅಮೆರಿಕದಲ್ಲಿ 44ನೇ ಸ್ಥಾನಕ್ಕೂ ಏರಿ ನಿಂತಿತು. ಇದು ಹೀನಾಯ ಸೋಲೇನಲ್ಲ. ಆದರೆ ದೊಡ್ಡ ಪುನರ್ಮಿಲನದಿಂದ ಜನ ನಿರೀಕ್ಷಿಸುವ ಅಬ್ಬರ ಆಗಲಿಲ್ಲ.

ನನ್ನ ಪ್ರಕಾರ ನಿಜವಾದ ಪೆಟ್ಟು ಬಿದ್ದದ್ದು ನವೆಂಬರ್‌ನಲ್ಲಿ. ಕ್ಯಾಲಿಫೋರ್ನಿಯಾದ ಕೋಸ್ಟಾ ಮೆಸಾದಲ್ಲಿ ಓಜಿ ತಮ್ಮ ‘ವಿದಾಯ’ದ ಕಾರ್ಯಕ್ರಮ ಇಟ್ಟುಕೊಂಡಿದ್ದರು, ಅವರಿಗಿಂತ ಮೊದಲು ಸಬ್ಬತ್ ನುಡಿಸಬೇಕಿತ್ತು. ಡಿಯೊ ಒಪ್ಪಲಿಲ್ಲ, ತಂಡ ಬಿಟ್ಟರು. 14 ಮತ್ತು 15ರ ಎರಡು ರಾತ್ರಿ ಜೂಡಸ್ ಪ್ರೀಸ್ಟ್ ಖ್ಯಾತಿಯ ರಾಬ್ ಹಾಲ್‌ಫೋರ್ಡ್ ಬಂದು ಹಾಡಿಕೊಟ್ಟರು. ಆಲ್ಬಂ ಬಂದು ಆರು ತಿಂಗಳೂ ಆಗಿರಲಿಲ್ಲ, ಅದನ್ನು ಹಾಡಿದ ದನಿಯೇ ಹೊರಟುಹೋಗಿತ್ತು. ಮೆಟಲ್ ಲೋಕದಲ್ಲಿ ಹಾಡು ಬದುಕುವುದು ವೇದಿಕೆಯ ಮೇಲೆ. ಅಲ್ಲಿ ಅದನ್ನು ತನ್ನದೆಂದು ಹೇಳಿಕೊಳ್ಳುವವರೇ ಇಲ್ಲದಿದ್ದರೆ ಎಷ್ಟು ಒಳ್ಳೆಯ ಹಾಡಾದರೂ ಅನಾಥ.

ಅಭಿಮಾನಿಗಳಾದರೂ ಕೈಹಿಡಿಯಬಹುದಿತ್ತು. ಅಲ್ಲಿಯೂ ಎರಡು ಬಣ. ನಮ್ಮಲ್ಲಿ ರಾಜ್–ವಿಷ್ಣು ಅಭಿಮಾನಿಗಳ ವಾದ ಕೇಳಿ ಬೆಳೆದವರಿಗೆ ಓಜಿ–ಡಿಯೊ ಜಗಳ ಬಿಡಿಸಿ ಹೇಳಬೇಕಿಲ್ಲ. ಓಜಿ ಬಣಕ್ಕೆ ಇದು ‘ನಮ್ಮದಲ್ಲದ’ ಆಲ್ಬಂ. ಡಿಯೊ ಬಣ ಬಯಸಿದ್ದು 1980ರ ಭವ್ಯತೆಯನ್ನು. ಸಿಕ್ಕಿದ್ದು ಒರಟು, ಸಿಟ್ಟಿನ, ಬಣ್ಣ ಬಳಿಯದ ಸದ್ದು. ಕಾಮನಬಿಲ್ಲು, ಡ್ರ್ಯಾಗನ್ನುಗಳ ಬಗ್ಗೆ ಹಾಡುತ್ತಿದ್ದ ಡಿಯೊ ಇಲ್ಲಿ ಯಂತ್ರಕ್ಕೆ ತಲೆಬಾಗುವ ಮನುಷ್ಯನನ್ನೂ, ಟಿ.ವಿ. ಪರದೆಯಲ್ಲಿ ದೇವರ ಹೆಸರಿನಲ್ಲಿ ದುಡ್ಡು ಎತ್ತುವ ಬೋಧಕರನ್ನೂ ತರಾಟೆಗೆ ತೆಗೆದುಕೊಳ್ಳುತ್ತಾರೆ.

ಮರುಹುಟ್ಟು ಶುರುವಾದದ್ದೂ ವೇದಿಕೆಯಿಂದಲೇ. 2007ರಲ್ಲಿ ಇದೇ ನಾಲ್ವರು ‘ಹೆವನ್ ಆ್ಯಂಡ್ ಹೆಲ್’ ಎಂಬ ಹೆಸರಿನಲ್ಲಿ ಮತ್ತೆ ಪ್ರವಾಸ ಹೊರಟಾಗ ‘ಕಂಪ್ಯೂಟರ್ ಗಾಡ್’, ‘ಆಫ್ಟರ್ ಆಲ್’, ‘ಐ’ ಹಾಡುಗಳನ್ನು ಹಳೆಯ ಜನಪ್ರಿಯ ಹಾಡುಗಳ ಸಾಲಿನಲ್ಲೇ ನುಡಿಸಿದರು. 2010ರ ಮೇ 16ರಂದು ಡಿಯೊ ತೀರಿಕೊಂಡರು.

ಎರಡನೆಯ ಕಾರಣ ನಮ್ಮ ಪೀಳಿಗೆ. 1992ರಲ್ಲಿ ಹುಟ್ಟಿಯೇ ಇರದ ನಮಗೆ ಗ್ರಂಜ್ ಅಲೆಯೂ ಗೊತ್ತಿಲ್ಲ, ಕೋಸ್ಟಾ ಮೆಸಾ ಜಗಳವೂ ಗೊತ್ತಿಲ್ಲ. ಮೊಬೈಲಿನಲ್ಲಿ 1970ರದ್ದೂ 1992ರದ್ದೂ ಅಕ್ಕಪಕ್ಕ ಕುಳಿತಿವೆ. ನಾನು ಈ ಆಲ್ಬಂ ಕೇಳಿದ್ದು ಹಾಗೆಯೇ, ಯಾವ ವರ್ಷದ್ದೆಂದು ನೋಡುವ ಮೊದಲೇ. ಅಂದಿನ ಕೇಳುಗನಿಗೆ ಈ ಅನುಕೂಲ ಇರಲಿಲ್ಲ. ಅವನು ಕಿಸೆಯ ಕಾಸು ಎಣಿಸಿ ಒಂದನ್ನು ಆರಿಸಬೇಕಿತ್ತು, ಹೊಸ ಗಾಳಿ ಬೀಸುತ್ತಿದ್ದ ಕಡೆ ಹೋದ. ಅವನನ್ನು ದೂರುವುದು ಅನ್ಯಾಯ.

ಹಾಗೆಂದು ಹಳೆಯದನ್ನೆಲ್ಲ ‘ಮೇರುಕೃತಿ’ ಎಂದು ಎತ್ತಿ ಕೂರಿಸುವ ಈಗಿನ ಚಾಳಿಯೂ ನನಗೆ ಹಿಡಿಸುವುದಿಲ್ಲ. ಕಲಾವಿದರು ಸತ್ತಾಗ ಪ್ರೀತಿ ಉಕ್ಕುತ್ತದೆ, ಆ ಪ್ರೀತಿಯಲ್ಲಿ ತೂಕದ ಬಟ್ಟು ತಪ್ಪುತ್ತದೆ. ‘ಕೃತಕ ಬುದ್ಧಿಮತ್ತೆಯ ಕಾಲವನ್ನು ಡಿಯೊ ಅಂದೇ ಕಂಡಿದ್ದರು’ ಎಂಬ ಹೊಗಳಿಕೆಯೂ ಅಂಥದ್ದೇ. ಯಂತ್ರದ ಭಯ 1992ಕ್ಕೆ ಹೊಸದೇನಾಗಿರಲಿಲ್ಲ. ಹತ್ತು ಹಾಡುಗಳಲ್ಲಿ ನಡುವಿನ ಒಂದೆರಡು ಇಂದಿಗೂ ಕುಂಟುತ್ತವೆ. ಭವಿಷ್ಯ ನುಡಿದದ್ದಕ್ಕಾಗಿ ಅಂಕ ಕೊಡಬೇಕಿಲ್ಲ; ಅಯೋಮಿಯ ಗಿಟಾರಿನ ಭಾರ ಮತ್ತು ಐವತ್ತರ ಹೊಸ್ತಿಲಲ್ಲಿದ್ದ ಗಾಯಕನ ದನಿಯ ಸಿಟ್ಟು, ಅಂಕಕ್ಕೆ ಅವೆರಡೇ ಸಾಕು.

ಈ ಪುಟ ಓದುವ ನಮ್ಮಲ್ಲಿ ಹೆಚ್ಚಿನವರು ರ‍್ಯಾಂಕ್, ಕಟ್‌ಆಫ್, ಸಂದರ್ಶನಗಳ ಸಾಲಿನಲ್ಲಿ ನಿಂತವರು. 28, 44 ಎಂಬ ಸಂಖ್ಯೆಗಳು ಸುಳ್ಳಲ್ಲ. ಅವು ಆ ವಾರ ಅಂಗಡಿಯಲ್ಲಿ ಏನು ಮಾರಾಟವಾಯಿತು ಎಂಬುದನ್ನು ಸರಿಯಾಗಿಯೇ ಹೇಳಿದ್ದವು. ಆ ಸಂಖ್ಯೆಯನ್ನೇ ಹಾಡಿನ ಗುಣ ಎಂದು ಓದಿದ್ದು ನಂತರದವರು. ತಡವಾಗಿ ಬಂದ ಮೆಚ್ಚುಗೆ ಡಿಯೊ ಅವರಿಗೆ ಪೂರ್ತಿ ದಕ್ಕಲಿಲ್ಲ ಎಂಬ ಬೇಸರ ಉಳಿದೇ ಉಳಿಯುತ್ತದೆ. ಆದ್ದರಿಂದ ಮರುಮೌಲ್ಯಮಾಪನವನ್ನು ಬರೀ ಸಂಭ್ರಮ ಎಂದು ನಾನು ನೋಡಲಾರೆ, ಅದರಲ್ಲಿ ಬಾಕಿ ಸಾಲದ ಲೆಕ್ಕವೂ ಇದೆ. ಕೇಳುವುದಿದ್ದರೆ ‘ಐ’ ಹಾಡಿನಿಂದ ಶುರು ಮಾಡಿ. ಇಷ್ಟವಾಗದಿದ್ದರೂ ಅಡ್ಡಿಯಿಲ್ಲ, ಅಭಿಪ್ರಾಯವಾದರೂ ನಿಮ್ಮದೇ ಆಗಿರುತ್ತದೆ.