‘ನೀವು ಕೇಳಲಿಲ್ಲವಲ್ಲ!’ – ಮನೆ ದಲ್ಲಾಳಿಗಳ ಹೊಣೆಗಾರಿಕೆಯ ಕುರಿತು

ಕಳೆದ ಏಪ್ರಿಲ್ ತಿಂಗಳಲ್ಲಿ ಗಲ್ಫಿನಿಂದ ರಜೆಯಲ್ಲಿ ಬಂದಿದ್ದ ನಮ್ಮ ಬಂಧುವೊಬ್ಬರ ಜೊತೆ ನಾವು ಪಾಣೆಮಂಗಳೂರಿನ ಸಮೀಪ ಮನೆಯೊಂದನ್ನು ನೋಡಲು ಹೋಗಿದ್ದೆವು. 16 ವರ್ಷಗಳ ದುಡಿಮೆಯ ಉಳಿತಾಯದಿಂದ ಸ್ವಂತ ಸೂರೊಂದನ್ನು ಮಾಡಿಕೊಳ್ಳಬೇಕೆಂಬುದು ಅವರ ಬಯಕೆ. ರಜೆ ಮುಗಿಯಲು ಉಳಿದಿದ್ದುದು ಕೇವಲ 11 ದಿನಗಳು. ಮನೆ ಸುಂದರವಾಗಿತ್ತು. ಗೋಡೆಗಳಿಗೆ ಹೊಸ ಬಣ್ಣ, ಸಿಟೌಟಿನಲ್ಲಿ ಸಾಲಾಗಿ ಹೂಕುಂಡಗಳು, ಹಾಡು ಹಗಲಲ್ಲೂ ಉರಿಯುತ್ತಿದ್ದ ಎಲ್ಲ ದೀಪಗಳು, ಕೋಣೆಯೊಳಗೆ ಊದುಬತ್ತಿಯ ಪರಿಮಳ. “ಉಸ್ತಾದರೇ, ಈ ದರಕ್ಕೆ ಬಿ.ಸಿ. ರೋಡಿನ ಆಸುಪಾಸಿನಲ್ಲಿ ಇಂತಹ ಇನ್ನೊಂದು ಮನೆ ತೋರಿಸಿ ನೋಡುವ” ಎಂದು ದಲ್ಲಾಳಿ ಮಹಾಶಯರು ಸವಾಲೆಸೆದರು. ನಮ್ಮ ಬಂಧು ಮುಂಗಡ ಕೊಡಲು ಮನಸ್ಸು ಮಾಡಿಯಾಗಿತ್ತು.

ಅಷ್ಟರಲ್ಲಿ ಪಕ್ಕದ ಹಿತ್ತಿಲಿನ ವೃದ್ಧೆಯೊಬ್ಬರು ಬೇಲಿಯ ಬಳಿ ಬಂದು ಕ್ಷೇಮ ಸಮಾಚಾರ ವಿಚಾರಿಸಿದರು. ಮಾತಿನ ನಡುವೆ ತಮ್ಮ ಮನೆಯ ಗೋಡೆಯತ್ತ ಕೈ ತೋರಿಸಿ, “ಮೋನೇ, 2019ರಲ್ಲಿ ನೀರು ಅಲ್ಲಿಯ ತನಕ ಬಂದಿತ್ತು. ನಮ್ಮನ್ನು ದೋಣಿಯಲ್ಲಿ ಕರೆದುಕೊಂಡು ಹೋದದ್ದು” ಎಂದರು. ಅವರ ಗೋಡೆಯಲ್ಲಿ ಆಳೆತ್ತರದ ಅರ್ಧಕ್ಕೆ ಕೆಸರಿನ ಕಂದು ಗೆರೆಯೊಂದು ಇನ್ನೂ ಉಳಿದಿತ್ತು. ಬಣ್ಣ ಹಚ್ಚಲು ಅವರಲ್ಲಿ ಹಣವಿರಲಿಲ್ಲ. ನಾವು ನೋಡಲು ಬಂದಿದ್ದ ಮನೆಯಲ್ಲಿ ಅದೇ ಗೆರೆ ಬಣ್ಣದ ಅಡಿಯಲ್ಲಿತ್ತು. ಇದನ್ನು ಮೊದಲೇ ಏಕೆ ತಿಳಿಸಲಿಲ್ಲವೆಂದು ದಲ್ಲಾಳಿಯಲ್ಲಿ ಪ್ರಶ್ನಿಸಿದಾಗ ಅವರು ಕಿಂಚಿತ್ತೂ ವಿಚಲಿತರಾಗದೆ ಉತ್ತರಿಸಿದರು: “ನೀವು ಕೇಳಲಿಲ್ಲವಲ್ಲ!”

ಈ ಒಂದು ಮಾತನ್ನು ನಾವಿಂದು ಗಂಭೀರವಾಗಿ ಪರ್ಯಾಲೋಚಿಸಬೇಕಾಗಿದೆ.

ಮನೆ, ಜಾಗಗಳ ದಲ್ಲಾಳಿಗಳನ್ನು ಸಾರಾಸಗಟಾಗಿ ದೂಷಿಸುವುದು ನಮ್ಮ ಉದ್ದೇಶವಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಂತಹ ಊರುಗಳಲ್ಲಿ ಅವರ ಸೇವೆಯಿಲ್ಲದೆ ಮಾರಾಟ ನಡೆಯುವುದು ಕಷ್ಟ. ಮಾರುವವನು ಜುಬೈಲಿನಲ್ಲಿರುತ್ತಾನೆ, ಕೊಳ್ಳುವವನು ದುಬೈಯಲ್ಲಿರುತ್ತಾನೆ. ಇಬ್ಬರನ್ನೂ ಜೋಡಿಸುವ, ಪಹಣಿ ಪತ್ರ ತೆಗೆಸುವ, ಸರ್ವೆಯವರನ್ನು ಕರೆಸುವ, ಪಂಚಾಯತಿನಿಂದ 9/11 ಮಾಡಿಸುವ, ಉಪನೋಂದಣಿ ಕಚೇರಿಗೆ ಹತ್ತಾರು ಬಾರಿ ಅಲೆಯುವ ಕೆಲಸವನ್ನು ಯಾರಾದರೊಬ್ಬರು ಮಾಡಲೇಬೇಕು. ಅದಕ್ಕೆ ಪ್ರತಿಫಲ ಪಡೆಯುವುದು ಅನ್ಯಾಯವೂ ಅಲ್ಲ.

ಮಾರುವ ಮನೆಯನ್ನು ಸಿಂಗರಿಸುವುದೂ ತಪ್ಪಲ್ಲ. ಅಮೇರಿಕಾದಲ್ಲಿ 1970ರ ದಶಕದಿಂದೀಚೆಗೆ ‘ಹೋಮ್ ಸ್ಟೇಜಿಂಗ್’ ಎಂಬ ಹೆಸರಿನಲ್ಲಿ ಇದೊಂದು ಪ್ರತ್ಯೇಕ ವೃತ್ತಿಯಾಗಿಯೇ ಬೆಳೆದಿದೆ. ಅಲ್ಲಿ ಬಾಡಿಗೆಯ ಸೋಫಾ, ಪರದೆ, ಚಿತ್ರಪಟಗಳನ್ನು ತಂದಿರಿಸಿ ಮನೆಯನ್ನು ರಂಗಸಜ್ಜಿಕೆಯಂತೆ ಅಣಿಗೊಳಿಸುತ್ತಾರೆ. ನಮ್ಮಲ್ಲಿ ಅಂಗಳದ ಹುಲ್ಲು ಕೀಳಿಸಿ, ಗೋಡೆಗೆ ಬಣ್ಣ ಹಚ್ಚಿಸಿ, ಮಾಡಿನ ಒಡೆದ ಹಂಚು ಬದಲಿಸುತ್ತಾರೆ. ಅತಿಥಿ ಬರುವಾಗ ಮನೆ ಗುಡಿಸುವುದಕ್ಕೂ ಇದಕ್ಕೂ ಹೆಚ್ಚಿನ ಭೇದವಿಲ್ಲ. ಆದರೆ ಒಸರುವ ಗೋಡೆಗೆ ಕಪಾಟು ಅಡ್ಡವಿಡುವುದು, ಬೋರ್‌ವೆಲ್ ಬತ್ತಿರುವಾಗ ಟ್ಯಾಂಕರಿನಿಂದ ತೊಟ್ಟಿ ತುಂಬಿಸಿ ನಲ್ಲಿ ತಿರುಗಿಸಿ ತೋರಿಸುವುದು, ನೆರೆಯ ಗೆರೆಯ ಮೇಲೆ ಬಣ್ಣ ಬಳಿಯುವುದು ಅಲಂಕಾರವಲ್ಲ, ವಂಚನೆ. ಇವೆರಡರ ನಡುವಿನ ಅಂತರವನ್ನು ಚೆನ್ನಾಗಿ ಬಲ್ಲವನು ದಲ್ಲಾಳಿ. ಏಕೆಂದರೆ ಅವನು ಅದೇ ಊರಿನವನು.

ಈ ಭಾಗದ ಮನೆಗಳ ದೋಷಗಳು ಸಾಮಾನ್ಯವಾಗಿ ಕಣ್ಣಿಗೆ ಕಾಣಿಸುವಂಥವಲ್ಲ. ನೇತ್ರಾವತಿಯು 1923ರಲ್ಲಿಯೂ 1974ರಲ್ಲಿಯೂ ಉಕ್ಕಿ ಹರಿದು ಬಂಟ್ವಾಳ ಪೇಟೆಯನ್ನು ಮುಳುಗಿಸಿದ್ದನ್ನು ಹಿರಿಯರು ಇಂದಿಗೂ ಕಥೆಯಂತೆ ಹೇಳುತ್ತಾರೆ. 2019ರ ಆಗಸ್ಟಿನಲ್ಲಿ ಅದು ಪುನರಾವರ್ತನೆಯಾಯಿತು. ಅದೇ ದಿನಗಳಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿಯ ಕೊಳಂಬೆಯಲ್ಲಿ ಹೊಳೆ ಉಕ್ಕಿ ಮನೆ, ತೋಟಗಳಲ್ಲಿ ಮರಳು ತುಂಬಿತು. 2022ರ ಜುಲೈಯಲ್ಲಿ ಬಂಟ್ವಾಳ ತಾಲೂಕಿನ ಪಂಜಿಕಲ್ಲಿನಲ್ಲಿ ಗುಡ್ಡ ಕುಸಿದು ಕೇರಳದ ಮೂವರು ಕೂಲಿಕಾರ್ಮಿಕರು ಪ್ರಾಣ ಕಳೆದುಕೊಂಡರು. ಗುಡ್ಡ ಕಡಿದು ಸಮತಟ್ಟು ಮಾಡಿದ ಐದು, ಹತ್ತು ಸೆಂಟ್ಸಿನ ನಿವೇಶನಗಳಲ್ಲಿ ಹಿಂಬದಿಯ ಬರೆ ಎಷ್ಟು ಭದ್ರವೆಂಬುದನ್ನು ಬೇಸಿಗೆಯಲ್ಲಿ ಬಂದು ನೋಡುವವನು ಹೇಗೆ ತಾನೇ ತಿಳಿಯಬಲ್ಲ?

ಮೂಡುಬಿದಿರೆಯ ಕಥೆ ಇನ್ನೊಂದು ಬಗೆಯದು. ವಿದ್ಯಾಸಂಸ್ಥೆಗಳಿಂದಾಗಿ ಬೆಳೆದ ಆ ಊರಿನಲ್ಲಿ ‘ಬಾಡಿಗೆ ಖಚಿತ’ ಎಂಬ ಭರವಸೆಯೇ ಫ್ಲಾಟುಗಳ ಮುಖ್ಯ ಅಲಂಕಾರ. ಬಿಕರ್ನಕಟ್ಟೆಯಿಂದ ಸಾಣೂರಿನವರೆಗಿನ ರಾಷ್ಟ್ರೀಯ ಹೆದ್ದಾರಿ 169ರ ಚತುಷ್ಪಥ ಕಾಮಗಾರಿಗೆ ಭೂಸ್ವಾಧೀನ ನಡೆದಾಗ, ರಸ್ತೆ ಬದಿಯೆಂಬ ಕಾರಣಕ್ಕೆ ಬೆಲೆಬಾಳುವ ಮನೆಯ ಅಂಗಳವೇ ರಸ್ತೆಯ ಪಾಲಾಗಬಹುದೆಂಬುದು ಎಲ್ಲರಿಗೂ ಮನವರಿಕೆಯಾಯಿತು.

ಇವೆಲ್ಲಕ್ಕಿಂತ ದೊಡ್ಡ ಮರೆಮಾಚುವಿಕೆ ನಡೆಯುವುದು ಕುಮ್ಕಿ ಜಾಗದ ವಿಷಯದಲ್ಲಿ. ವರ್ಗ ಜಾಗದ ಗಡಿಯಿಂದ 100 ಗಜಗಳೊಳಗಿನ ಸರಕಾರಿ ಭೂಮಿಯಲ್ಲಿ ಸೊಪ್ಪು, ಸೌದೆ, ಮೇವು ಪಡೆಯುವ ಸವಲತ್ತಷ್ಟೇ ಕುಮ್ಕಿ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯು ಈ ಸವಲತ್ತನ್ನು ಉಳಿಸಿಕೊಟ್ಟಿದೆಯೇ ಹೊರತು ಒಡೆತನವನ್ನು ನೀಡಿಲ್ಲ. ಹಾಗಿದ್ದೂ 30 ಸೆಂಟ್ಸ್ ವರ್ಗ ಜಾಗಕ್ಕೆ 70 ಸೆಂಟ್ಸ್ ಕುಮ್ಕಿಯನ್ನು ಸೇರಿಸಿ, ಸುತ್ತಲೂ ಆವರಣ ಗೋಡೆ ಕಟ್ಟಿಸಿ, ‘ಒಂದು ಎಕರೆ ತೋಟದೊಂದಿಗೆ ಮನೆ’ ಎಂದು ತೋರಿಸುವವರಿದ್ದಾರೆ. ಈ ಆವರಣ ಗೋಡೆಯೂ ಒಂದು ಬಗೆಯ ಬಣ್ಣವೇ.

ಹಾಗಾದರೆ ಕಾನೂನು ಏನು ಹೇಳುತ್ತದೆ? 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ತನಗೆ ತಿಳಿದಿರುವ ಮತ್ತು ಕೊಳ್ಳುವವನಿಗೆ ಸಾಮಾನ್ಯ ಎಚ್ಚರಿಕೆಯಿಂದ ಪತ್ತೆಹಚ್ಚಲಾಗದ ಮಹತ್ವದ ದೋಷವನ್ನು ಮಾರುವವನು ತಾನಾಗಿಯೇ ತಿಳಿಸಬೇಕು. ತಿಳಿಸದಿರುವುದು ವಂಚನೆಯೆಂದೇ ಅದು ಪರಿಗಣಿಸುತ್ತದೆ. ಅಂದರೆ ‘ನೀವು ಕೇಳಲಿಲ್ಲವಲ್ಲ’ ಎಂಬ ಉತ್ತರಕ್ಕೆ ಸುಮಾರು ಒಂದೂವರೆ ಶತಮಾನದ ಹಿಂದೆಯೇ ಕಾನೂನು ಬಾಗಿಲು ಮುಚ್ಚಿದೆ. ಆದರೆ ಈ ಹೊಣೆ ಮಾರುವವನದ್ದು, ದಲ್ಲಾಳಿಯ ಹೆಸರು ಅಲ್ಲಿಲ್ಲ. ನೆರೆಮನೆಯವರನ್ನು ವಿಚಾರಿಸಿದ್ದರೆ ಗೊತ್ತಾಗುತ್ತಿತ್ತಲ್ಲ ಎಂದು ಮಾರುವವನು ನ್ಯಾಯಾಲಯದಲ್ಲಿ ವಾದಿಸಿದರೆ ವ್ಯಾಜ್ಯ ವರ್ಷಗಟ್ಟಲೆ ಎಳೆಯುತ್ತದೆ. 2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ‘ರೇರಾ’, ದಲ್ಲಾಳಿಗಳ ನೋಂದಣಿಯನ್ನು ಕಡ್ಡಾಯಗೊಳಿಸಿತು ನಿಜ. ಆದರೆ ಅದು ಅನ್ವಯವಾಗುವುದು ನೋಂದಾಯಿತ ಯೋಜನೆಗಳ ಫ್ಲಾಟು, ನಿವೇಶನಗಳ ಮಾರಾಟಕ್ಕೆ. 500 ಚದರ ಮೀಟರ್ ಮೀರದ ಜಾಗದ ಅಥವಾ 8 ಫ್ಲಾಟುಗಳನ್ನು ಮೀರದ ಯೋಜನೆಗಳಿಗೆ ನೋಂದಣಿಯೇ ಬೇಕಿಲ್ಲ. ಪಾಣೆಮಂಗಳೂರಿನ ಹಳೆಯ ಮನೆಯೊಂದನ್ನು ಮಾರಿಸಿಕೊಡುವ ದಲ್ಲಾಳಿಯನ್ನು ಈ ಕಾಯ್ದೆ ಮುಟ್ಟುವುದೇ ಇಲ್ಲ. 2024ರ ಅಕ್ಟೋಬರಿನಿಂದ ನೋಂದಣಿಗೆ ಇ-ಖಾತಾ ಕಡ್ಡಾಯವಾಗಿದೆ. ಆದರೆ ಇ-ಖಾತಾದಲ್ಲಿ ನೆರೆಗೆಂದು ಕಾಲಮ್ಮಿಲ್ಲ.

ಇಲ್ಲಿ ಅಮೇರಿಕಾದ ಒಂದು ತೀರ್ಪನ್ನು ಸ್ಮರಿಸುವುದು ಉಚಿತ. ಕ್ಯಾಲಿಫೋರ್ನಿಯಾದಲ್ಲಿ 1976ರಲ್ಲಿ ಮಹಿಳೆಯೊಬ್ಬರು ಕೊಂಡ ಮನೆ, ಮಣ್ಣು ತುಂಬಿಸಿದ ಜಾಗದಲ್ಲಿದ್ದ ಕಾರಣ ಸ್ವಲ್ಪ ಕಾಲದಲ್ಲೇ ಭೂಕುಸಿತಕ್ಕೆ ಸಿಲುಕಿತು. ಇಳಿಜಾರಿಗೆ ಹೊದಿಸಿದ್ದ ಬಲೆ, ಏರುತಗ್ಗಾಗಿದ್ದ ನೆಲ ಮುಂತಾದ ಅಪಾಯದ ಕುರುಹುಗಳು ದಲ್ಲಾಳಿಗಳ ಕಣ್ಣಿಗೆ ಬಿದ್ದಿದ್ದವು. ಆದರೂ ಅವರು ವಿಚಾರಿಸಲೂ ಇಲ್ಲ, ತಿಳಿಸಲೂ ಇಲ್ಲ. ‘ಈಸ್ಟನ್’ ಪ್ರಕರಣವೆಂದು ಪ್ರಸಿದ್ಧವಾದ ಇದರಲ್ಲಿ 1984ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವು, ಮನೆಯನ್ನು ಸೂಕ್ಷ್ಮವಾಗಿ ಪರಿಶೀಲಿಸಿ ಕಂಡ ದೋಷವನ್ನು ಕೊಳ್ಳುವವನಿಗೆ ತಿಳಿಸುವುದು ದಲ್ಲಾಳಿಯದೇ ಕರ್ತವ್ಯವೆಂದು ತೀರ್ಪಿತ್ತಿತು. ಬಳಿಕ ಆ ರಾಜ್ಯ ಅದನ್ನು ಕಾಯ್ದೆಯನ್ನಾಗಿಯೂ ಮಾಡಿತು. ಮನೆ ಸಿಂಗಾರದ ಕಲೆಯನ್ನು ಅಲ್ಲಿಂದ ಎರವಲು ಪಡೆಯುವ ನಮಗೆ ಈ ಕರ್ತವ್ಯವೇಕೆ ಬೇಡವಾಯಿತು?

ಈ ದಂಧೆಯಲ್ಲಿ ನಮ್ಮ ಸಮುದಾಯದ ಯುವಕರೂ ಸಾಕಷ್ಟಿದ್ದಾರೆ. ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಕ್ಕಿ ತೇವವನ್ನು ಪತ್ತೆಹಚ್ಚಿದ ಪ್ರವಾದಿ(ಸ)ರವರು, ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ವ್ಯಾಪಾರಿಯನ್ನು ತರಾಟೆಗೆ ತೆಗೆದುಕೊಂಡ ಘಟನೆಯನ್ನು ಅವರು ಮದ್ರಸದಲ್ಲಿ ಕಲಿತವರೇ. ದಲ್ಲಾಳಿಯ ಕೂಲಿ ಧರ್ಮಸಮ್ಮತವೆಂಬುದಕ್ಕೆ ಸಹೀಹ್ ಬುಖಾರಿಯಲ್ಲಿಯೇ ಆಧಾರವಿದೆ. ನಿಗದಿತ ಬೆಲೆಗಿಂತ ಹೆಚ್ಚು ಸಿಕ್ಕಿದರೆ ಅದು ನಿನಗಿರಲಿ ಎಂದು ಒಡೆಯನೇ ಹೇಳುವುದರಲ್ಲಿ ದೋಷವಿಲ್ಲವೆಂಬ ಇಬ್ನು ಅಬ್ಬಾಸ್(ರ)ರ ಅಭಿಪ್ರಾಯವೂ ಅಲ್ಲಿದೆ. ಇದರ ಆಧಾರದಲ್ಲಿ, ಎರಡೂ ಕಡೆಯಿಂದ ಶೇಕಡಾವಾರು ಕಮಿಷನ್ ಪಡೆದುಕೊಂಡು, ಜೊತೆಗೆ ಮೇಲಿನ ಹಣವನ್ನೂ ಗುಟ್ಟಾಗಿ ಇಟ್ಟುಕೊಳ್ಳುವುದನ್ನು ಸಮರ್ಥಿಸುವವರಿದ್ದಾರೆ. ಆದರೆ ಆ ಅನುಮತಿಯ ಜೀವಾಳ ಇರುವುದೇ ಒಡೆಯನ ಅರಿವು ಮತ್ತು ಸಮ್ಮತಿಯಲ್ಲಿ. 40 ಲಕ್ಷಕ್ಕೆ ಮಾರಾಟವಾಯಿತೆಂದು ವಿಧವೆಯೊಬ್ಬಳನ್ನು ನಂಬಿಸಿ 45 ಲಕ್ಷ ಪಡೆದವನಿಗೆ ಅಲ್ಲಿ ಆಸರೆಯಿಲ್ಲ.

ಹಾಗಂತ ತಪ್ಪೆಲ್ಲ ದಲ್ಲಾಳಿಯದ್ದೇ? ಬಣ್ಣ ಹಚ್ಚಲು ಹಣ ಕೊಡುವವರು ಮಾರುವವರು. ತಂದೆಯ ಮನೆಯನ್ನು ಮಾರುವಾಗ ಸಹೋದರಿಯರ ಪಾಲನ್ನು ಮರೆಮಾಚಿ, ಅವರ ಸಹಿಯಿಲ್ಲದೆಯೇ ಮುಂಗಡ ಪಡೆಯುವ ಸಹೋದರರು ನಮ್ಮ ನಡುವೆಯೇ ಇದ್ದಾರೆ. ಇಂತಹ ಮನೆಯ ದೋಷ ಗೋಡೆಯಲ್ಲಿಲ್ಲ, ಹಕ್ಕುಪತ್ರದಲ್ಲಿದೆ. ಅದು ಹೊರಬೀಳುವುದು ವರ್ಷಗಳ ಬಳಿಕ ನೋಟೀಸಿನ ರೂಪದಲ್ಲಿ. ಆಗ ಹಣ ಕಳೆದುಕೊಂಡು ಅಲೆಯುವವನು ಏನೂ ಅರಿಯದ ಖರೀದಿದಾರ.

ಪರಿಹಾರ ಕಷ್ಟದ್ದೇನಲ್ಲ. ಮುಂಗಡ ಪಡೆಯುವ ಮುನ್ನ ಒಂದು ಪುಟದ ವಿವರ ಪತ್ರಕ್ಕೆ ಮಾರುವವನೂ ದಲ್ಲಾಳಿಯೂ ಸಹಿ ಹಾಕಲಿ. ಯಾವ ವರ್ಷ ನೀರು ನುಗ್ಗಿತ್ತು, ಮೇ ತಿಂಗಳಲ್ಲಿ ಬಾವಿಯಲ್ಲಿ ಎಷ್ಟು ನೀರಿರುತ್ತದೆ, ವರ್ಗ ಎಷ್ಟು, ಕುಮ್ಕಿ ಎಷ್ಟು, ಬರೆ ಎಂದಾದರೂ ಜರಿದಿದೆಯೇ, ರಸ್ತೆಗೆ ಜಾಗ ಹೋಗಲಿದೆಯೇ, ಬ್ಯಾಂಕಿನ ಸಾಲ, ವ್ಯಾಜ್ಯ, ವಾರೀಸುದಾರರೆಷ್ಟು ಎಂಬಿಷ್ಟು ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿರಲಿ. ಸರಕಾರವು ನೋಂದಣಿಯ ವೇಳೆ ಇದನ್ನು ಕಡ್ಡಾಯಗೊಳಿಸಬೇಕು. ಹಳೆಯ ಮನೆಗಳ ದಲ್ಲಾಳಿಗಳನ್ನೂ ನೋಂದಣಿಯ ವ್ಯಾಪ್ತಿಗೆ ತರಬೇಕು. ಅಲ್ಲಿಯ ತನಕ ಜಮಾಅತ್ ಸಮಿತಿಗಳು, ಊರಿನ ಸಂಘ ಸಂಸ್ಥೆಗಳು ಇಂತಹ ಪತ್ರವೊಂದನ್ನು ಮುದ್ರಿಸಿ ಹಂಚಲು ಅಡ್ಡಿಯೇನು? ಕೊಳ್ಳುವವರಿಗೂ ಒಂದು ಕಿವಿಮಾತು: ಬಾವಿಯನ್ನು ಮೇ ತಿಂಗಳಲ್ಲಿ ನೋಡಿ, ಮನೆಯನ್ನು ಆಟಿಯ ಮಳೆಯಲ್ಲಿ ನೋಡಿ. ರಜೆ ಸಾಲದಿದ್ದರೆ ನೆರೆಮನೆಯ ಹಿರಿಯರಲ್ಲಿ ಹತ್ತು ನಿಮಿಷ ಕುಳಿತು ಮಾತನಾಡಿ.

ನಮ್ಮ ಬಂಧು ಆ ಮನೆಯನ್ನು ಕೊಳ್ಳಲಿಲ್ಲ. ಎರಡು ತಿಂಗಳ ತರುವಾಯ ಅದು ಬೇರೊಬ್ಬರಿಗೆ ಮಾರಾಟವಾಯಿತೆಂದು ತಿಳಿಯಿತು. ಅವರಿಗೆ ಆ ವೃದ್ಧೆ ಮಾತಿಗೆ ಸಿಕ್ಕಿದ್ದರೋ ಇಲ್ಲವೋ ನಾವರಿಯೆವು. ಎಲ್ಲವೂ ಗೊತ್ತಿದ್ದ ನಾವು ಅಂದು ದಲ್ಲಾಳಿಯನ್ನು ನಾಲ್ಕು ಮಾತು ಬೈದು, ಪಾರಾದೆವೆಂಬ ಸಮಾಧಾನದಿಂದ ಮರಳಿ ಬಂದೆವು. ಮುಂದೆ ಬರುವವರಿಗೆ ತಿಳಿಯುವ ಏರ್ಪಾಡೊಂದನ್ನೂ ಮಾಡಲಿಲ್ಲ. ಏಕೆಂದು ನಮ್ಮನ್ನೇ ನಾವು ಪ್ರಶ್ನಿಸಿಕೊಂಡಾಗ ಹೊಳೆದ ಉತ್ತರ ಒಂದೇ: ಯಾರೂ ನಮ್ಮಲ್ಲಿ ಕೇಳಲಿಲ್ಲ.