ಒಡ್ಯಾಣದ ಕೆಳಗಿನ ವ್ಯಾಧಿ

ಚೀನಾ ದೇಶದ ಪ್ರಾಚೀನ ಇತಿಹಾಸಕಾರನಾದ ಸಿಮಾ ಚಿಯಾನನು ಬಿಯಾನ್ ಚುಯೆ ಎಂಬ ವೈದ್ಯನ ವಿಷಯವಾಗಿ ಒಂದು ಸಂಗತಿಯನ್ನು ಬರೆದಿಟ್ಟಿದ್ದಾನೆ. ಊರೂರು ಸಂಚರಿಸುತ್ತಿದ್ದ ಆ ವೈದ್ಯನು ಹಾನ್‌ದಾನ್ ನಗರಕ್ಕೆ ಬಂದಾಗ, ಅಲ್ಲಿಯ ಜನ ಸ್ತ್ರೀಯರಿಗೆ ಹೆಚ್ಚಿನ ಮನ್ನಣೆ ಕೊಡುವರೆಂದು ಕೇಳಿ, ತಾನು ‘ದೈ ಷಿಯಾ’ ವೈದ್ಯನಾದನಂತೆ. ‘ದೈ’ ಎಂದರೆ ನಡುಪಟ್ಟಿ, ‘ಷಿಯಾ’ ಎಂದರೆ ಕೆಳಗೆ. ಕನ್ನಡದಲ್ಲಿ ಹೇಳುವುದಾದರೆ, ಒಡ್ಯಾಣದ ಕೆಳಗಿನ ವೈದ್ಯ! ಬಾಯಿಬಿಟ್ಟು ಹೇಳಲು ನಾಚುವ ಬೇನೆಗಳಿಗೆ ಎಲ್ಲ ಭಾಷೆಗಳೂ ಉಡುಗೆತೊಡುಗೆಯ ಮರೆಯನ್ನೇ ಅರಸುತ್ತವೆಯೋ ಏನೋ. ಕನ್ನಡದ ಹೆಂಗಸರ ಬಾಯಲ್ಲಿಯೂ ಅದು ‘ಬಿಳಿಸೆರಗು’ ಆಯಿತು.

ಚೀನೀ ವೈದ್ಯದ ಪ್ರಕಾರ ಪ್ರಾಣಶಕ್ತಿ ಹರಿಯುವ ನಾಳಗಳೆಲ್ಲ ದೇಹದಲ್ಲಿ ಮೇಲಿನಿಂದ ಕೆಳಕ್ಕೋ ಕೆಳಗಿನಿಂದ ಮೇಲಕ್ಕೋ ಸಾಗುತ್ತವೆ. ‘ದೈ ಮೈ’ ಎಂಬುದೊಂದು ಮಾತ್ರ ಸೊಂಟವನ್ನು ಅಡ್ಡಲಾಗಿ ಬಳಸಿ, ಕಟ್ಟಿಗೆಯ ಹೊರೆಗೆ ಬಿಗಿದ ಹಗ್ಗದಂತೆ ಉಳಿದವನ್ನು ಹಿಡಿದಿಡುತ್ತದೆ. ಈ ಕಟ್ಟು ಸಡಿಲವಾದರೆ ದೇಹದೊಳಗಿನ ‘ತೇವ’ ಕೆಳಕ್ಕಿಳಿದು ಕಿಬ್ಬೊಟ್ಟೆಯಲ್ಲಿ ನಿಲ್ಲುತ್ತದೆ. ಸ್ರಾವ, ಸೊಂಟನೋವು, ಆಯಾಸಗಳಿಗೆ ಇದೇ ಮೂಲವೆಂದು ಅವರ ಎಣಿಕೆ.

ಹದಿನೇಳನೆಯ ಶತಮಾನದ ಪಂಡಿತ ಫೂ ಚಿಂಗ್‌ಜು ಈ ವಿಷಯವನ್ನು ಅತ್ಯಂತ ಸೂಕ್ಷ್ಮವಾಗಿ ವಿವೇಚಿಸಿದವನು. ಅವನ ಸ್ತ್ರೀವೈದ್ಯ ಗ್ರಂಥದ ಮೊದಲನೆಯ ವಿಷಯವೇ ಸ್ರಾವ. ಅದನ್ನು ಅವನು ಬಿಳಿ, ಹಸಿರು, ಹಳದಿ, ಕಪ್ಪು, ಕೆಂಪು ಎಂದು ಐದು ಬಣ್ಣಗಳಾಗಿ ವಿಂಗಡಿಸಿದನು. ಹಸಿರು ಎಂದರೆ ಹೆಸರುಕಾಳಿನ ಕಟ್ಟಿನಂತೆ. ಹಳದಿ ಎಂದರೆ ಗಟ್ಟಿಯಾದ ಚಹಾದಂತೆ, ದುರ್ವಾಸನೆ ಬೇರೆ. ಬಿಳಿಯದಕ್ಕೆ ಅವನು ಹೇಳಿದ ಕಷಾಯದಲ್ಲಿ ಒಂದು ಜಾತಿಯ ಗೆಣಸು, ಜಿನ್ಸೆಂಗ್ ಬೇರು, ಒಣಗಿದ ಕಿತ್ತಳೆಸಿಪ್ಪೆ, ಜ್ಯೇಷ್ಠಮಧು ಮುಂತಾದುವು ಸೇರುತ್ತವೆ. ಸ್ರಾವವನ್ನು ತಡೆಯುವುದಕ್ಕಿಂತ, ತೇವವನ್ನು ಉಂಟುಮಾಡುವ ಜೀರ್ಣಶಕ್ತಿಯ ಕುಂದನ್ನು ನೀಗುವುದೇ ಅದರ ಉದ್ದೇಶ. ತೇವದ ಜೊತೆಗೆ ಉಷ್ಣ ಕೂಡಿದರೆ ಜ್ವರವೂ ಉರಿಯೂ. ಶೀತ ಕೂಡಿದರೆ ಬಿಸಿಶಾಖದಿಂದ ಶಮನವಾಗುವ ನೋವು. ಬಹುಕಾಲ ನಿಂತರೆ ರಕ್ತ ಹೆಪ್ಪುಗಟ್ಟಿ, ಒಂದೇ ಕಡೆ ಚುಚ್ಚುವ ನೋವಾಗಿ ನೆಲಸುತ್ತದೆ. ಈ ಕೊನೆಯ ಅವಸ್ಥೆಗೆ ಇಂದಿಗೂ ಬಳಕೆಯಲ್ಲಿರುವ ದಾಲ್ಚಿನ್ನಿಕಡ್ಡಿಯ ಗುಳಿಗೆಯನ್ನು ಸುಮಾರು 1,800 ವರ್ಷಗಳ ಹಿಂದೆ ಜಾಂಗ್ ಜೋಂಗ್‌ಜಿಂಗ್ ಹೇಳಿದ್ದನು.

ಬೇನೆಯನ್ನು ಅರಿಯುವುದೇ ಕಷ್ಟವಾಗಿತ್ತು. ಸ್ತ್ರೀಯರ ರೋಗಕ್ಕೆ ಚಿಕಿತ್ಸೆ ಪುರುಷರದಕ್ಕಿಂತ ಹತ್ತು ಮಡಿ ಕಠಿಣವೆಂದು ಏಳನೆಯ ಶತಮಾನದ ಸುನ್ ಸಿಮಿಯಾವೊ ಬರೆದನು. ಕುಲೀನ ಮನೆತನದ ಹೆಂಗಸು ಪರಪುರುಷನ ಮುಂದೆ ಬೇನೆಯನ್ನು ಬಿಚ್ಚಿ ಹೇಳುವಳೆ? ತಾನ್ ಯುನ್‌ಷಿಯೆನ್ ಎಂಬಾಕೆ ಅಜ್ಜಿಯಿಂದ ವೈದ್ಯವನ್ನು ಕಲಿತು, ಹೆಂಗಸರಿಗೆ ಮದ್ದು ಕೊಟ್ಟು, 1511ರಲ್ಲಿ 31 ರೋಗಿಗಳ ವೃತ್ತಾಂತವನ್ನು ಪುಸ್ತಕ ಮಾಡಿದಳು. ಯಾರು ಯಾವ ದುಃಖದಲ್ಲಿದ್ದರು, ಎಷ್ಟು ದುಡಿದು ಸೋತಿದ್ದರು ಎಂಬುದೂ ಅದರಲ್ಲಿದೆ. ಅಂಥ ಮಾತುಗಳು ಹೆಣ್ಣು ಹೆಣ್ಣಿನೊಡನೆ ಆಡುವಂಥವು.

ಆದರೆ ಫೂ ಚಿಂಗ್‌ಜುವಿಗಾಗಲಿ ತಾನ್‌ಗಾಗಲಿ ಕಾಣದ ಒಂದು ಸ್ಥಳವಿತ್ತು. ಗರ್ಭಾಶಯದ ಇಕ್ಕೆಲಗಳಲ್ಲಿರುವ, ಅಂಡವನ್ನು ತರುವ ಸಣ್ಣ ನಾಳಗಳವು. ಗೊನೊರಿಯ, ಕ್ಲಮೈಡಿಯ ಮೊದಲಾದ ರೋಗಾಣುಗಳು, ಕೆಲವೊಮ್ಮೆ ಹೆರಿಗೆ ಅಥವಾ ಗರ್ಭಪಾತದ ಅನಂತರ ಸೇರಿದ ಅಣುಗಳು, ಕೆಳಗಿನಿಂದ ಏರಿ ಆ ನಾಳವನ್ನು ಸೇರಿದರೆ ಒಳಗೆ ಗಾಯವಾಗಿ ಅದು ಅಂಟಿಕೊಳ್ಳುತ್ತದೆ. ಎಷ್ಟೋ ವೇಳೆ ಇದು ಹೆಚ್ಚಿನ ನೋವೇ ಇಲ್ಲದೆ ನಡೆದುಹೋಗುತ್ತದೆ. ಸ್ವೀಡನ್ನಿನ ಲುಂಡ್ ನಗರದ ವೈದ್ಯರು ಸಾವಿರಾರು ಸ್ತ್ರೀಯರನ್ನು ವರ್ಷಗಟ್ಟಲೆ ಗಮನಿಸಿ 1992ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಒಮ್ಮೆ ಈ ಉರಿಯೂತ ಬಂದವರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ, ಎರಡು ಬಾರಿ ಬಂದವರಲ್ಲಿ ಸುಮಾರು 20, ಮೂರು ಬಾರಿ ಬಂದವರಲ್ಲಿ 40 ಮಂದಿಗೆ ನಾಳ ಕೆಟ್ಟು ಸಂತಾನವಾಗಲಿಲ್ಲ. ಗರ್ಭ ನಿಂತರೂ ನಾಳದಲ್ಲಿಯೇ ನಿಂತು ಪ್ರಾಣಾಪಾಯವಾಗುವುದುಂಟು.

ಚೀನಾದ ಆಸ್ಪತ್ರೆಗಳಲ್ಲಿಯೂ ಜ್ವರ, ತೀವ್ರವಾದ ಕಿಬ್ಬೊಟ್ಟೆನೋವುಗಳಿಂದ ಬಂದವಳಿಗೆ ಆಂಟಿಬಯಾಟಿಕ್ ಔಷಧವೇ ಮೊದಲು. ಕಷಾಯ, ಶಾಖ, ಸೂಜಿಚಿಕಿತ್ಸೆಗಳು ಅದರ ಜೊತೆಗೆ, ಇಲ್ಲವೆ ಅಣುಗಳು ಸತ್ತ ಮೇಲೂ ಉಳಿದ ಹಳೆಯ ನೋವಿಗೆ. ಆ ಹಳೆಯ ನೋವಿನ ಮುಂದೆ ಆಧುನಿಕ ವೈದ್ಯವೂ ಎಷ್ಟೋ ಸಲ ಕೈಚೆಲ್ಲುವುದರಿಂದ, ಚೀನೀಯರು ತಮ್ಮ ಕಷಾಯವನ್ನು ಬಿಟ್ಟಿಲ್ಲವೆಂದರೆ ಆಶ್ಚರ್ಯವಿಲ್ಲ. ಮೊದಲ ವಾರದ ಜ್ವರವನ್ನು ಕಷಾಯಕ್ಕೆ ಒಪ್ಪಿಸಿ ಕುಳಿತುಕೊಳ್ಳುವುದು ಮಾತ್ರ ಬೇರೆಯ ಮಾತು. ಅಷ್ಟರಲ್ಲಿ ನಾಳ ಮುಚ್ಚಬಹುದು.

ಫೂ ಚಿಂಗ್‌ಜು ಹೆಂಡತಿಯ ಸಿಟ್ಟನ್ನೂ ಕೊರಗನ್ನೂ ಬೇನೆಯ ಕಾರಣಗಳಲ್ಲಿ ಎಣಿಸಿದನು. ಐದು ಬಣ್ಣಗಳ ಆ ಅಧ್ಯಾಯದಲ್ಲಿ ಗಂಡನಿಗೂ ಮದ್ದು ಕೊಡಬೇಕೆಂಬ ಮಾತಿಲ್ಲ. ಈಗಿನ ವೈದ್ಯರು ಕೇಳುವುದು ಅದನ್ನೇ: ಹೆಂಡತಿ ಔಷಧ ಮುಗಿಸಿ ಮನೆಗೆ ಮರಳಿದ ಮೇಲೆ, ಪರೀಕ್ಷೆಗೆ ಬಾರದ ಗಂಡನಿಂದ ಅದೇ ಅಣು ಮತ್ತೆ ಬಂದರೆ, ಅದು ಲುಂಡ್ ವೈದ್ಯರ ಲೆಕ್ಕದ ಎರಡನೆಯ ಬಾರಿ.